ಅವಳ ದವಡೆ, ನನ್ನ ಕಿವಿ

ನನ್ನ ನೆಗೆಣ್ಣಿಗೆ, ಅಂದರೆ ಗಂಡನ ತಮ್ಮನ ಹೆಂಡತಿಗೆ, ಬಾಯಿ ತೆರೆದಾಗಲೆಲ್ಲ ದವಡೆಯಲ್ಲಿ ಟಕ್ ಎನ್ನುವ ಸದ್ದು ಬರುತ್ತಿತ್ತು. ಎದುರಿಗೆ ಕೂತವರಿಗೆಲ್ಲ ಅದು ಕೇಳಿಸುತ್ತಿತ್ತು. ನನ್ನ ಕಿವಿಯಲ್ಲೂ ಒಂದು ಸದ್ದಿತ್ತು. ಅದು ಕೇಳಿಸುತ್ತಿದ್ದದ್ದು ನನ್ನೊಬ್ಬಳಿಗೆ. ಒಂದೂವರೆ ವರ್ಷದ ಹತ್ತಿರ ನಾನು ಅವಳ ಮೇಲೆ ಪಟ್ಟ ಹೊಟ್ಟೆಕಿಚ್ಚಿಗೆ ಮೂಲ ಕಾರಣ ಇಷ್ಟೇ ಎಂದರೆ ಯಾರೂ ನಂಬಲಿಕ್ಕಿಲ್ಲ.

ನಾವಿರುವುದು ಸಿಂಗಸಂದ್ರದಲ್ಲಿ. ಆ ಊರಿನ ರೈತ ಮನೆತನದವರೊಬ್ಬರು ತಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಕಟ್ಟಿಸಿದ ಮೂರಂತಸ್ತಿನ ಮನೆ. ಕೆಳಗೆ ಮಾಲೀಕರು, ನಡುವೆ ನಾನು ಮತ್ತು ನನ್ನ ಗಂಡ, ಮೇಲೆ ಮೈದುನ ಮತ್ತು ಅವನ ಹೆಂಡತಿ. ಹಾವೇರಿ ಕಡೆಯಿಂದ ನಮ್ಮ ಜೊತೆ ಇರಲು ಬಂದ ಅತ್ತೆ ಹಗಲು ನಮ್ಮ ಮನೆಯಲ್ಲಿ, ಸಂಜೆಯಾದರೆ ಮೇಲಿನ ಮನೆಯಲ್ಲಿ. ಭಾನುವಾರ ಎಲ್ಲರ ಊಟವೂ ನಮ್ಮಲ್ಲೇ.

ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ. ಗ್ರಾಹಕರು ಸಹಾಯವಾಣಿಗೆ ಮಾಡಿದ ಕರೆಗಳ ರೆಕಾರ್ಡಿಂಗ್ ಕೇಳಿ, ಉತ್ತರ ಕೊಟ್ಟವರು ಸರಿಯಾಗಿ ಮಾತಾಡಿದರೋ ಇಲ್ಲವೋ ಎಂದು ಅಂಕ ಹಾಕುವುದು. ಹೆಡ್‌ಫೋನ್ ಹಾಕಿಕೊಂಡು ಕೂತರೆ ಊಟದ ಹೊತ್ತಿಗೇ ಏಳುವುದು. ಕರೆ ಮಾಡಿದವರು ಕೋಲಾರದವರೋ ಬಳ್ಳಾರಿಯವರೋ ಎಂದು ಎರಡು ಮಾತಿಗೆ ಹೇಳಿಬಿಡುತ್ತಿದ್ದೆ. ಉತ್ತರ ಕೊಡುವ ಹುಡುಗ 'ಖಂಡಿತ ಸಾರ್' ಎನ್ನುವಾಗ ಅವನ ಮುಖದಲ್ಲಿ ನಗುವಿದೆಯೋ ಬೇಸರವಿದೆಯೋ ಅದೂ ಗೊತ್ತಾಗುತ್ತಿತ್ತು. ಆಫೀಸಿನಲ್ಲಿ ನನ್ನನ್ನು 'ಕಿವಿ ಮೇಡಂ' ಎಂದು ಕರೆಯುತ್ತಿದ್ದರು. ಎದುರಿಗೆ ಸಿಟ್ಟು ತೋರಿಸಿದರೂ ಒಳಗೊಳಗೆ ನನಗೆ ಅದು ಇಷ್ಟವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಕೆಟ್ಟಿತ್ತೋ ಏನೋ, ಫ್ಯಾನೂ ನಿಂತಿತು. ಫ್ರಿಜ್ ಸುಮ್ಮನಾಯಿತು, ಕೆಳಗಿನವರ ಟಿವಿ ಸುಮ್ಮನಾಯಿತು. ಆದರೆ ಒಂದು ಸದ್ದು ಮಾತ್ರ ನಿಲ್ಲಲಿಲ್ಲ. ಸಣ್ಣದು, ಎಳೆದ ತಂತಿಯ ಹಾಗೆ. ಹಳೆಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳುವ ಮೊದಲು ಕುಯ್ಯೆನ್ನುತ್ತದಲ್ಲ, ಹಾಗೆ.

"ಆ ಯುಪಿಎಸ್ ಬಂದ್ ಮಾಡ್ರಿ, ಕುಯ್ ಅನ್ನಾಕತ್ತೈತಿ," ಎಂದೆ ಗಂಡನಿಗೆ.

ಅವರು ಎದ್ದು ಹೋಗಿ ಯುಪಿಎಸ್‌ನ ವೈರನ್ನೇ ಕಿತ್ತಿಟ್ಟು ಬಂದರು. ಸದ್ದು ಹಾಗೆಯೇ ಇತ್ತು.

"ಇನ್ನೂ ಐತಿ."

"ಏನ್ ಐತಿ? ನನಗೇನೂ ಕೇಳವಲ್ದು."

ಅತ್ತೆಯನ್ನು ಕೇಳಿದೆ. ಅವರು ಸೆರಗನ್ನು ಕಿವಿಯ ಹಿಂದೆ ಸರಿಸಿ ಸ್ವಲ್ಪ ಹೊತ್ತು ಆಲಿಸಿ, "ಹೊರಗ ಜೀರುಂಡಿ ಇರಬೇಕ್ ನೋಡವಾ," ಎಂದರು. ಬಾಲ್ಕನಿಗೆ ಹೋಗಿ ನಿಂತೆ. ಹೊಸೂರು ರಸ್ತೆಯ ಲಾರಿಗಳ ಸದ್ದು ಬಂತು. ಆ ಸದ್ದಿನ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಅದೂ ಕೂತಿತ್ತು. ಎರಡೂ ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡೆ. ಲಾರಿಗಳು ಹೋದವು. ಅದು ಉಳಿಯಿತು. ಆಗ ಹೆದರಿಕೆಯಾಯಿತು.

ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಕೇಳುವ ಶಕ್ತಿಯ ಪರೀಕ್ಷೆಗೆ ಕಳಿಸಿದರು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಗೂಡಿನಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು ಹುಡುಗಿಯೊಬ್ಬಳು ಹೇಳಿದಳು. "ಎಷ್ಟ್ ಸಣ್ಣ ಸೌಂಡ್ ಕೇಳ್ಸಿದ್ರೂ ಬಟನ್ ಒತ್ತಿ ಮೇಡಂ."

ಬಾಗಿಲು ಮುಚ್ಚಿದ್ದೇ ತಡ, ನನ್ನ ಸದ್ದು ಎದ್ದು ನಿಂತಿತು. ಅಂಥ ನಿಶ್ಶಬ್ದದಲ್ಲಿ ಅದಕ್ಕೆ ಎದುರೇ ಇರಲಿಲ್ಲ. ಯಂತ್ರದ ಸದ್ದು ಯಾವುದು, ನನ್ನದು ಯಾವುದು ಎಂದು ಕೊನೆಕೊನೆಗೆ ತಿಳಿಯದೆ ಅಂದಾಜಿನ ಮೇಲೆ ಗುಂಡಿ ಒತ್ತಿದೆ. ಆದರೂ ಫಲಿತಾಂಶ ಚೆನ್ನಾಗಿಯೇ ಬಂತು.

"ಕಿವಿ ಫಸ್ಟ್ ಕ್ಲಾಸ್ ಆಗಿದೆ," ಎಂದರು ಡಾಕ್ಟರು. "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ. ಕಾಫಿ ಕಮ್ಮಿ ಮಾಡಿ. ಅದರ ಕಡೆ ಗಮನ ಕೊಡ್ಬೇಡಿ."

ಮನೆಯಲ್ಲಿ ಅತ್ತೆ ದೇವರ ಮುಂದೆ ಸಕ್ಕರೆ ಇಟ್ಟರು. "ಚಲೋ ಆತು ಬಿಡು. ಏನೂ ಇಲ್ಲಂತ ಡಾಕ್ಟ್ರೇ ಹೇಳಿದ ಮ್ಯಾಲ ಮುಗೀತಲ್ಲ." ಗಂಡನಿಗೂ ನಿರಾಳವಾಯಿತು. ಅಲ್ಲಿಂದ ಮುಂದೆ ನಾನು ಕಿವಿಯ ಮಾತೆತ್ತಿದರೆ 'ಟೆಸ್ಟ್ ಆಗೈತಲ್ಲ' ಎನ್ನುವ ಒಂದೇ ಉತ್ತರ ಸಿಗುತ್ತಿತ್ತು. ನನ್ನ ಕಿವಿ ಚೆನ್ನಾಗಿದೆ ಎನ್ನುವ ಆ ಕಾಗದ ನನ್ನ ಬಾಯಿ ಮುಚ್ಚಿಸಿಬಿಟ್ಟಿತ್ತು.

ಹೊಟ್ಟೆಕಿಚ್ಚು ಮೊದಲು ಎಲ್ಲರ ಮೇಲೂ ಇತ್ತು. ಆಫೀಸಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದ ಹುಡುಗಿಯರ ಮೇಲೆ, ಎದುರು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಏನೂ ಮಾಡದೆ ಕೂತಿರುತ್ತಿದ್ದ ಸೆಕ್ಯುರಿಟಿಯವನ ಮೇಲೆ, ಬಿಸಿಲಲ್ಲಿ ಕಾಲು ಚಾಚಿ ಮಲಗಿದ ಬೀದಿನಾಯಿಯ ಮೇಲೆ ಕೂಡ. ಇವರೆಲ್ಲರ ತಲೆಯೊಳಗೆ ಈಗ ಏನೂ ಸದ್ದಿಲ್ಲ ಎಂದು ಯೋಚಿಸುತ್ತ ನೋಡುತ್ತಿದ್ದೆ. ಗಂಡ ಪೇಪರ್ ಓದುತ್ತಿದ್ದರೆ ಅವರ ಕಿವಿಯನ್ನೇ ನೋಡುತ್ತಿದ್ದೆ. ಕೂದಲು ಬೆಳೆದ, ದಪ್ಪನೆಯ, ಏನನ್ನೂ ಸರಿಯಾಗಿ ಕೇಳಿಸಿಕೊಳ್ಳದ ಕಿವಿ. ಅಂಥ ಕಿವಿಗೆ ಎಂಥ ನೆಮ್ಮದಿ!

ಆಮೇಲೆ ಅದು ನೆಗೆಣ್ಣಿಯೊಬ್ಬಳ ಮೇಲೆ ಬಂದು ನಿಂತಿತು.

ಅವಳ ದವಡೆ ಟಕ್ ಎನ್ನುವುದು ಮದುವೆಯಾಗಿ ಬಂದಾಗಿನಿಂದಲೂ ಇತ್ತು. ಮನೆಯಲ್ಲಿ ಅದೊಂದು ತಮಾಷೆ. ಒಂದು ಭಾನುವಾರ ಊಟಕ್ಕೆ ಕೂತು, ಊರಿಂದ ಬಂದ ಕಡಕ್ ರೊಟ್ಟಿಯನ್ನು ಅವಳು ಕಚ್ಚಿದಳು. ಟಕ್ ಎಂದು ಎಂದಿಗಿಂತ ಜೋರಾಗಿ ಸದ್ದಾಯಿತು. ಅವಳ ಬಾಯಿ ಅಲ್ಲಿಗೇ ನಿಂತಿತು. ಒಂದು ಬೆರಳು ಹೋಗುವಷ್ಟು ತೆರೆದಿತ್ತು, ಅದಕ್ಕಿಂತ ಹೆಚ್ಚು ತೆರೆಯಲು ಆಗುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಏನಾತವಾ, ಏನಾತು?" ಅತ್ತೆ ಊಟ ಬಿಟ್ಟೆದ್ದರು. ಮೈದುನ ಅವಳ ಗಲ್ಲ ಹಿಡಿದುಕೊಂಡ. ನನ್ನ ಗಂಡ, ನನ್ನ ಸದ್ದಿಗೆ ಯುಪಿಎಸ್‌ನ ವೈರು ಕಿತ್ತು ಸುಮ್ಮನಾಗಿದ್ದವರು, ಬೈಕ್ ತೆಗೆದುಕೊಂಡು ಔಷಧಿ ಅಂಗಡಿಗೆ ಓಡಿದರು. ನಾನೂ ಬಿಸಿನೀರಲ್ಲಿ ಬಟ್ಟೆ ಅದ್ದಿ ತಂದೆ. ಕೈ ಆ ಕೆಲಸ ಮಾಡುತ್ತಿತ್ತು. ಮನಸ್ಸು ಮಾತ್ರ, ಎಲ್ಲರಿಗೂ ಕಾಣುವಂಥ, ಕೇಳುವಂಥ ಬೇನೆ ಇವಳಿಗೆ ಬಂತಲ್ಲ, ಎಂಥ ಅದೃಷ್ಟ ಎನ್ನುತ್ತಿತ್ತು.

ಆ ಸಂಜೆ ಹೊತ್ತಿಗೆ ಬಾಯಿ ತುಸು ಸಡಿಲವಾಯಿತು, ಆದರೆ ಪೂರ್ತಿ ತೆರೆಯುತ್ತಿರಲಿಲ್ಲ. ಅಂದಿನಿಂದ ಅವಳಿಗೆ ಬೇರೆ ಅಡುಗೆ. ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಡುತ್ತಿದ್ದರು. ಅನ್ನವನ್ನು ಹೆಚ್ಚು ಬೇಯಿಸಿ ತಿಳಿಸಾರು ಹಾಕಿ ಕಲಸುತ್ತಿದ್ದರು. ನನ್ನ ಗಂಡ ಬರುವ ದಾರಿಯಲ್ಲಿ ಸಪೋಟ ಜ್ಯೂಸು ಕಟ್ಟಿಸಿಕೊಂಡು ಬರುತ್ತಿದ್ದರು. ಮೈದುನ ಬೆಳ್ಳಂದೂರಿನ ಆಫೀಸಿನಿಂದ ಮಧ್ಯಾಹ್ನ ಫೋನ್ ಮಾಡಿ, "ನೋವು ಹೆಂಗೈತಿ?" ಎಂದು ಕೇಳುತ್ತಿದ್ದ. ಅವಳ ನೋವಿಗೆ ಒಂದು 'ಹೆಂಗೈತಿ' ಇತ್ತು.

ಆಗ ಆಫೀಸಿನಲ್ಲಿ ನನ್ನ ಸ್ಥಿತಿ ಚೆನ್ನಾಗಿರಲಿಲ್ಲ. 'ಸ', 'ಶ' ಅಕ್ಷರಗಳು ಬಂದಲ್ಲೆಲ್ಲ ನನ್ನ ಸದ್ದು ಅವುಗಳ ಮೇಲೆ ಕೂರುತ್ತಿತ್ತು. ಒಂದೇ ರೆಕಾರ್ಡಿಂಗನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳುತ್ತಿದ್ದೆ. ಹೆಡ್‌ಫೋನಿನ ಸದ್ದು ಏರಿಸಿದರೆ ಸಂಜೆಗೆ ತಲೆ ಭಾರ. ಹಲ್ಲು ಕಚ್ಚಿಕೊಂಡು ಕೆಲಸ ಮುಗಿಸುತ್ತಿದ್ದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಇಡೀ ದಿನ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಅದು ನನ್ನ ಅರಿವಿಗೆ ಬಂದಿರಲಿಲ್ಲ ಅಷ್ಟೆ.

ನೆಗೆಣ್ಣಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಲು ಮೈದುನನಿಗೆ ರಜೆ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ದವಡೆಯ ಕೀಲಿನ ತೊಂದರೆಗಳನ್ನು ನೋಡುವ ಡಾಕ್ಟರು, ನನ್ನ ವಯಸ್ಸಿನ ಹೆಂಗಸು. ನೆಗೆಣ್ಣಿಯನ್ನು ಉದ್ದ ಕುರ್ಚಿಯಲ್ಲಿ ಒರಗಿಸಿ, ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ, ಮುಚ್ಚಿಸಿ ನೋಡಿದರು. ನಾನು ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತು ಅವಳ ಚಪ್ಪಲಿ, ಚೀಲ ಕಾಯುತ್ತಿದ್ದೆ.

"ಅಗಿಯೋವಾಗ ನೋವಾಗುತ್ತಾ?"

"ಹೂಂ ರಿ."

"ತಲೆನೋವು?"

"ಆಗಾಗ ರಿ."

"ಕಿವೀಲಿ ಏನಾದ್ರೂ ಸೌಂಡ್ ಬರುತ್ತಾ? ಕುಯ್ ಅಂತ, ಗುಯ್ ಅಂತ?"

"ಇಲ್ರಿ."

"ನನಗ ಬರತೈತಿ," ಎಂದೆ.

ನಾನು ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಡಾಕ್ಟರು ತಿರುಗಿ ನನ್ನನ್ನು ನೋಡಿದರು. "ನಿಮಗಾ? ಎಷ್ಟ್ ದಿನದಿಂದ?" ಹೇಳಿದೆ. ಕಿವಿ ಪರೀಕ್ಷೆಯಾಗಿದೆ, ಎಲ್ಲ ಸರಿ ಇದೆ ಎಂದಿದ್ದಾರೆ ಎಂದೂ ಹೇಳಿದೆ. ಅವರು ಅದನ್ನು ಕೇಳಿ ಮಾತು ಮುಗಿಸಲಿಲ್ಲ.

"ಈಗ ಕೇಳಿಸ್ತಿದ್ಯಾ? ಸರಿ. ಹಲ್ಲು ಗಟ್ಟಿಯಾಗಿ ಕಚ್ಚಿ ನೋಡಿ. ಸೌಂಡ್ ಹಾಗೇ ಇದ್ಯಾ, ಬದಲಾಯ್ತಾ?"

ಕಚ್ಚಿದೆ. ಸದ್ದು ಏರಿತು. ರೇಡಿಯೋದ ಗುಂಡಿಯನ್ನು ಯಾರೋ ತಿರುಗಿಸಿದ ಹಾಗೆ ಏರಿತು. ಬಿಟ್ಟೆ, ಇಳಿಯಿತು. ಕೆಳದವಡೆಯನ್ನು ಮುಂದಕ್ಕೆ ಚಾಚಲು ಹೇಳಿದರು. ಚಾಚಿದೆ, ಸದ್ದಿನ ಸ್ವರವೇ ಬೇರೆಯಾಯಿತು. ಇಷ್ಟು ದಿನ ಎಲ್ಲಿಂದಲೋ ಬಂದು ನನ್ನ ತಲೆಯಲ್ಲಿ ಕೂತಿದೆ ಎಂದುಕೊಂಡಿದ್ದ ಅದು ನನ್ನ ಹಲ್ಲು ಹೇಳಿದಂತೆ ಕೇಳುತ್ತಿತ್ತು.

"ಬದಲಾತ್ರಿ!" ಎಂದೆ.

ನೆಗೆಣ್ಣಿ ಕುರ್ಚಿಯಿಂದ ಇಳಿದೇಬಿಟ್ಟಳು. ಕೊರಳಿಗೆ ಕಟ್ಟಿದ್ದ ಹಸಿರು ಬಟ್ಟೆಯನ್ನು ತಾನೇ ಬಿಚ್ಚಿ, "ಅಕ್ಕಾ, ಬರ್ರಿ, ನೀವು ಇಲ್ಲಿ ಕುಂದರ್ರಿ. ಮೊದಲ ನಿಮ್ದು ನೋಡ್ಲಿ," ಎಂದಳು. ಬಾಯಿ ಅರ್ಧವೇ ತೆರೆಯುತ್ತಿದ್ದರಿಂದ ಮಾತು ತೊದಲಿತು. ನಾನು ಹೋಗಿ ಒರಗಿದೆ. ಕುರ್ಚಿ ಅವಳ ಮೈಯ ಶಾಖದಿಂದ ಬೆಚ್ಚಗಿತ್ತು. ಅವಳಿಗೆ ಒಳ್ಳೆಯತನ ಎಷ್ಟು ಸಲೀಸಾಗಿ ಬರುತ್ತದೆ ಎಂದು ಆ ಗಳಿಗೆಯಲ್ಲೂ ನನಗೆ ಹೊಟ್ಟೆಯುರಿಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಏಳುತ್ತಿದ್ದೆನೇ? ಗೊತ್ತಿಲ್ಲ.

ಡಾಕ್ಟರು ನನ್ನ ಕೆನ್ನೆಯ ಸ್ನಾಯುಗಳನ್ನು ಒತ್ತಿದಾಗ ಕಿರುಚಿದೆ. ಅಲ್ಲಿ ಅಷ್ಟು ನೋವಿದೆ ಎಂದು ನನಗೇ ತಿಳಿದಿರಲಿಲ್ಲ. ದವಡೆಯ ಕೀಲು ಕಿವಿಯ ಮುಂದೆ, ಗೋಡೆಗೆ ಗೋಡೆ ತಾಗಿದ ಹಾಗೆ ಇದೆ, ಅಲ್ಲಿನ ನರಗಳೂ ಸ್ನಾಯುಗಳೂ ಕಿವಿಯ ಜೊತೆ ವ್ಯವಹಾರ ಇಟ್ಟುಕೊಂಡಿವೆ ಎಂದು ಅವರು ವಿವರಿಸಿದರು. ದವಡೆ ಕೆಟ್ಟವರಲ್ಲಿ ಕೆಲವರಿಗೆ ಹೀಗೆ ಸದ್ದು ಬರುತ್ತದೆ. ಕೇಳುವ ಶಕ್ತಿ ಸರಿಯಾಗಿದ್ದರೂ ಬರಬಹುದು.

"ಹಂಗಾರ ಹೋಗತೈತೇನ್ರಿ?"

ಡಾಕ್ಟರು ಆತುರ ಪಡಲಿಲ್ಲ. "ಇವರ ಬಾಯಿ ಬೇಗ ಸರಿ ಹೋಗುತ್ತೆ ಅನ್ಸುತ್ತೆ. ನಿಮ್ದು ಕಮ್ಮಿಯಾಗಬಹುದು. ಕೆಲವರಿಗೆ ಪೂರ್ತಿ ಹೋಗುತ್ತೆ, ಕೆಲವರಿಗೆ ಸ್ವಲ್ಪ ಉಳ್ಕೊಳ್ಳುತ್ತೆ. ನಾನು ಸುಳ್ಳು ಹೇಳಲ್ಲ ಮೇಡಂ."

ಬರುವಾಗ ಸ್ಕೂಟರಿನ ಹಿಂದೆ ಕೂತ ನೆಗೆಣ್ಣಿ ನನ್ನ ಭುಜ ಹಿಡಿದು, "ಇಬ್ಬರೂ ಕೂಡಿ ಆರಾಮ ಆಗೋಣ್ರಿ ಅಕ್ಕಾ," ಎಂದಳು. ಸಿಗ್ನಲ್ಲಿನ ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ಇದ್ದುಬಿಟ್ಟೆ. 'ಬೇಗ' ಎನ್ನುವ ಮಾತು ಅವಳ ಪಾಲಿಗೆ ಬಂದಿತ್ತು, 'ಬಹುದು' ಎನ್ನುವುದು ನನ್ನ ಪಾಲಿಗೆ.

ಇಬ್ಬರಿಗೂ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ನೈಟ್ ಗಾರ್ಡ್ ಬಂತು, ಗಾಜಿನಂತೆ ಪಾರದರ್ಶಕವಾದ ಗಟ್ಟಿ ಕವಚ. ಇಬ್ಬರಿಗೂ ಕೆನ್ನೆಗೆ ಶಾಖ, ಮೆತ್ತನೆ ಊಟ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಮೆಲ್ಲಗೆ ಬಾಯಿ ತೆರೆಯುವ ವ್ಯಾಯಾಮ. ಅತ್ತೆ ಕಲ್ಲುಪ್ಪು ಹುರಿದು ಎರಡು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದರು. ಮೊದಲು ಅವಳಿಗೆ ಕೊಟ್ಟರೆ ನನ್ನದು ಆರುತ್ತದೆ ಎಂದೂ, ಮೊದಲು ನನಗೆ ಕೊಟ್ಟರೆ ಅವಳದೇ ಹೆಚ್ಚು ಹೊತ್ತು ಬಿಸಿಯಿರುತ್ತದೆ ಎಂದೂ ಲೆಕ್ಕ ಹಾಕುವಷ್ಟು ಸಣ್ಣವಳಾಗಿದ್ದೆ.

ನಾನು ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಆಫೀಸಿನಲ್ಲಿ ಕಂಪ್ಯೂಟರಿನ ಅಂಚಿಗೆ 'ಹಲ್ಲು ಬಿಡು' ಎಂದು ಚೀಟಿ ಅಂಟಿಸಿದೆ. ಚಕ್ಕುಲಿ ಮುಟ್ಟಲಿಲ್ಲ. ನೆಗೆಣ್ಣಿ ಹಾಗಲ್ಲ. ವ್ಯಾಯಾಮವನ್ನು ಟಿವಿ ನೋಡುತ್ತ ನೆನಪಾದಾಗ ಮಾಡುವಳು. ನೈಟ್ ಗಾರ್ಡನ್ನು ಬಾತ್‌ರೂಮಿನಲ್ಲಿ ಮರೆತುಬಿಡುವಳು. ಕೇಳಿದರೆ, "ಅದು ಬಾಯಾಗಿದ್ರ ನಿದ್ದಿ ಬರಂಗಿಲ್ರಿ ಅಕ್ಕಾ," ಎಂದು ನಗುವಳು. ಆದರೂ ವಾಸಿಯಾದದ್ದು ಅವಳಿಗೇ. ಮೊದಲು ಎರಡು ಬೆರಳು, ಆಮೇಲೆ ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಿತು. ಟಕ್ ಎನ್ನುವುದು ಸಣ್ಣದಾಗಿ, ಅಪರೂಪವಾಗಿ, ಕೊನೆಗೆ ಹುಡುಕಿದರೂ ಸಿಗದಂತಾಯಿತು. ಡಾಕ್ಟರು, "ವೆರಿ ಗುಡ್! ಚೆನ್ನಾಗಿ ಫಾಲೋ ಮಾಡಿದೀರ," ಎಂದು ಅವಳ ಬೆನ್ನು ತಟ್ಟಿದರು. ಸ್ಟೂಲಿನ ಮೇಲೆ ಕೂತಿದ್ದ ನನಗೆ ಎದ್ದು ನಿಂತು ಎಲ್ಲ ಹೇಳಿಬಿಡಬೇಕು ಎನಿಸಿತು.

ನನಗೆ ಕೆನ್ನೆಯ ನೋವು ಹೋಯಿತು. ಸಂಜೆಯ ತಲೆಭಾರ ಹೋಯಿತು. ಸದ್ದು ಇಳಿಯಿತು, ಹೋಗಲಿಲ್ಲ. ಬಲಗಿವಿ ಬಿಟ್ಟು ಎಡಗಿವಿಯಲ್ಲಿ ಉಳಿದುಕೊಂಡಿತು. ನಾನು ಅದನ್ನು ದಿನವಿಡೀ ಪರೀಕ್ಷಿಸುತ್ತಿದ್ದೆ. ಲಿಫ್ಟಿನಲ್ಲಿ ಒಬ್ಬಳೇ ಇದ್ದರೆ ಹಲ್ಲು ಕಚ್ಚಿ ನೋಡುವುದು, ಕೈ ತೊಳೆಯುವಾಗ ದವಡೆ ಚಾಚಿ ನೋಡುವುದು. ಡಾಕ್ಟರಿಗೆ ಅದು ತಿಳಿದಾಗ, "ಗಾಯಾನ ಕೆರೆದು ಕೆರೆದು ಮಾಯ್ತಾ ಅಂತ ನೋಡ್ತೀರಾ?" ಎಂದು ಗದರಿದರು. "ಇದ್ಯಾ ಇಲ್ವಾ ಅಂತ ಹುಡುಕೋದು ಬಿಡಿ. ಪೂರ್ತಿ ಸೈಲೆಂಟ್ ಇರೋ ಕಡೆ ಕೂತ್ಕೋಬೇಡಿ."

ನೆಗೆಣ್ಣಿಯ ಬಾಯಿ ಸರಿಯಾದ ಮೇಲೆ ಊರಿಂದ ಮತ್ತೆ ಕಡಕ್ ರೊಟ್ಟಿಯ ಡಬ್ಬಿ ಬಂತು. ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಅವಳು ನನ್ನ ಎಡಕ್ಕೆ ನಿಂತು ರೊಟ್ಟಿಯನ್ನು ಶೇಂಗಾ ಚಟ್ನಿಗೆ ಅದ್ದಿ ಕರಕರ ಎಂದು ತಿನ್ನುತ್ತಿದ್ದಳು. ಎಷ್ಟೋ ತಿಂಗಳ ಬಾಕಿಯನ್ನು ಒಮ್ಮೆಲೇ ತೀರಿಸಿಕೊಳ್ಳುವ ಹಾಗೆ, ಬಾಯಿ ತುಂಬ.

"ಸಪ್ಪಳ ಮಾಡದ ತಿನ್ನಾಕ ಬರಂಗಿಲ್ಲೇನು ನಿನಗ?" ಎಂದೆ.

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅವಳು ಅಗಿಯುವುದನ್ನು ನಿಲ್ಲಿಸಿದಳು. ಹಾಲ್‌ನಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು. ನೆಗೆಣ್ಣಿ ಬಾಯಲ್ಲಿದ್ದದ್ದನ್ನು ಹಾಗೆಯೇ ಕಷ್ಟಪಟ್ಟು ನುಂಗಿ, ನೀರು ಕುಡಿದಳು. ತಿರುಗಿ ಜಗಳವಾಡುತ್ತಾಳೆ, ಇಲ್ಲವೇ ಅಳುತ್ತ ಮೇಲೆ ಹೋಗುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಅಕ್ಕಾ," ಎಂದಳು, "ನಿಮ್ಮ ಕಿವ್ಯಾಗಿನ ಆ ಸಪ್ಪಳ ಹೆಂಗಿರತೈತ್ರಿ?"

ಚಾಕು ಹಿಡಿದ ಕೈ ನಿಂತಿತು. ಇದೆಯೋ ಇಲ್ಲವೋ ಎಂದು ಕೇಳಿದವರಿದ್ದರು. ಕಡಿಮೆಯಾಯಿತೇ ಎಂದು ಕೇಳಿದವರಿದ್ದರು. ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಕುಯ್ ಅಂತೈತಿ."

"ಎಂಥಾ ಕುಯ್? ನನಗ ಒಮ್ಮೆ ಕೇಳಸ್ರಿ."

ಬಾಯಿಂದ ಮಾಡಿ ತೋರಿಸಲು ಹೋದೆ. ನಾಯಿಮರಿ ಕೂಗಿದ ಹಾಗಾಯಿತು. ಅವಳು ನಗು ತಡೆದುಕೊಂಡಳು. ಮೊಬೈಲ್ ತೆಗೆದು ಹುಡುಕಿ, ಒಂದೇ ಸ್ವರವನ್ನು ಏರಿಸಿ ಇಳಿಸಿ ಕೇಳಿಸುವ ಯಾವುದೋ ಆ್ಯಪ್ ಹಾಕಿಕೊಂಡಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಅವಳು ಬೆರಳಿನಿಂದ ಗೆರೆ ಸರಿಸುವುದು, ನಾನು ಆಲಿಸಿ "ಇನ್ನೂ ಸಣ್ಣದು... ಇಲ್ಲ, ಇದು ಹೆಚ್ಚಾತು... ತುಸು ಕೆಳಗ," ಎನ್ನುವುದು. ಒಂದು ಕಡೆ ಬಂದಾಗ ಹೊರಗಿನ ಸದ್ದೂ ಒಳಗಿನ ಸದ್ದೂ ಒಂದಾಗಿ, ಯಾವುದು ಯಾವುದೆಂದು ತಿಳಿಯದಾಯಿತು.

"ಇದೇ," ಎಂದೆ. ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ. ನನ್ನೊಳಗಿದ್ದದ್ದು ಮೊದಲ ಸಲ ಹೊರಗೆ, ಇನ್ನೊಬ್ಬರ ಕೈಯಲ್ಲಿತ್ತು.

ಅವಳು ಇಯರ್‌ಫೋನ್ ಹಾಕಿಕೊಂಡು ಆ ಸದ್ದನ್ನು ಕಿವಿಗಿಟ್ಟುಕೊಂಡಳು. "ಇದ ಇಟ್ಕೊಂಡ ಇವತ್ತು ಕೆಲಸ ಮಾಡತೀನಿ ನೋಡ್ರಿ," ಎಂದಳು. ಇಟ್ಟುಕೊಂಡೇ ಪಾತ್ರೆ ತೊಳೆದಳು, ಬಟ್ಟೆ ಒಣಹಾಕಿದಳು. ಅತ್ತೆ ಕರೆದಾಗ, "ಆಂ? ಏನಂದ್ರಿ?" ಎಂದು ಮತ್ತೆ ಕೇಳಿದಳು. ನಾನು ಬದನೆಕಾಯಿ ಎಣ್ಣೆಗೆ ಹಾಕುತ್ತ ಅವಳನ್ನೇ ಗಮನಿಸುತ್ತಿದ್ದೆ. ಹುಬ್ಬು ಗಂಟಿಕ್ಕಿತು. ಉಪ್ಪಿನ ಡಬ್ಬಿಯನ್ನು ಕುಕ್ಕಿದಳು. ಅಡುಗೆ ಮುಗಿಯುವ ಮೊದಲೇ, "ಅಯ್ಯಯ್ಯೋ, ತಲಿ ಕೆಟ್ಟು ಹೋತ್ರಿ ಅಕ್ಕಾ!" ಎಂದು ಇಯರ್‌ಫೋನ್ ಕಿತ್ತು ಕಟ್ಟೆಯ ಮೇಲೆ ಎಸೆದಳು. ಎರಡೂ ಕಿವಿಯನ್ನು ಅಂಗೈಯಿಂದ ಉಜ್ಜಿಕೊಂಡು ದೊಡ್ಡದಾಗಿ ಉಸಿರು ಬಿಟ್ಟಳು. ಅವಳ ಮುಖ ಸಡಿಲವಾಯಿತು.

ನನ್ನ ಜೀವನದಲ್ಲಿ ಯಾರ ಮೇಲಾದರೂ ಅತಿ ಹೆಚ್ಚು ಹೊಟ್ಟೆಕಿಚ್ಚು ಪಟ್ಟಿದ್ದರೆ ಅದು ಆ ಕ್ಷಣದಲ್ಲಿ, ಅವಳ ಮೇಲೆ. ಅವಳ ದವಡೆ ವಾಸಿಯಾದದ್ದಕ್ಕಲ್ಲ, ಅವಳ ಗಂಡ ಫೋನ್ ಮಾಡುತ್ತಿದ್ದದ್ದಕ್ಕಲ್ಲ. ಅವಳು ಅದನ್ನು ಕಿತ್ತೆಸೆದಳು ಎನ್ನುವುದಕ್ಕೆ. ಆ ಉಸಿರಿಗೆ. ನನಗಾಗಿ ಒಳ್ಳೆಯದು ಮಾಡಲು ಹೋದವಳನ್ನು ನೋಡುತ್ತ, ಸೌಟು ಹಿಡಿದು, ಒಲೆಯ ಮುಂದೆ ಉರಿಯುತ್ತ ನಿಂತಿದ್ದೆ.

ಅದು ಅವಳಿಗೆ ಕಂಡಿರಬೇಕು. ಎಸೆದ ಇಯರ್‌ಫೋನನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮಗ ತಗಿಯಾಕ ಬರಂಗಿಲ್ಲಲ್ಲ," ಎಂದಳು ಮೆಲ್ಲಗೆ. ಸಮಾಧಾನದ ಮಾತು ಆಡಿದ್ದರೆ ನಾನು ಸೌಟು ಬಿಸಾಕುತ್ತಿದ್ದೆನೋ ಏನೋ.

ಅಂದು ಊಟಕ್ಕೆ ಎಲ್ಲರೂ ಕೂತಾಗ ಅವಳು ಮೊಬೈಲನ್ನು ನಡುವೆ ಇಟ್ಟು ಆ ಸದ್ದನ್ನು ಜೋರಾಗಿ ಹಾಕಿದಳು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಮೈದುನ, "ಏ, ಬಂದ್ ಮಾಡ," ಎಂದ.

"ಅಕ್ಕಾರ ಕಿವ್ಯಾಗ ಇದು ಇರೂದು," ಎಂದಳು. ಬಂದ್ ಮಾಡಲಿಲ್ಲ.

ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. "ಇದು?" ಎಂದು ನನ್ನ ಕಡೆ ತಿರುಗಿದರು. "ಹಿಂಗ? ಇಡೀ ದಿನ?"

"ಮೊದಲ ಇದಕ್ಕಿಂತ ಜೋರ್ ಇತ್ತು. ಈಗ ಎಷ್ಟೋ ವಾಸಿ," ಎಂದೆ.

ಅವರು ಕೈ ಚಾಚಿ ಮೊಬೈಲಿನ ಸದ್ದು ನಿಲ್ಲಿಸಿದರು. ಆಮೇಲೆ ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತ ಉಂಡರು. ಅತ್ತೆ ನನ್ನ ತಟ್ಟೆಗೆ ತುಪ್ಪ ಬಡಿಸಲು ಬಂದವರು ಹಾಗೆಯೇ ನಿಂತು, ನನ್ನ ಎಡಗಿವಿಯ ಮೇಲೆ ಕೈಯಿಟ್ಟು, "ಇದರಾಗೇನವಾ?" ಎಂದು ಕೇಳಿದರು. ಹೌದೆಂದೆ. ತಮಗೂ ಕೇಳಿಸುತ್ತದೇನೋ ಎನ್ನುವಂತೆ ಬಗ್ಗಿ, ತಮ್ಮ ಕಿವಿಯನ್ನು ನನ್ನ ಕಿವಿಗೆ ತಾಗಿಸಿದರು. ಮೈದುನ ನಕ್ಕ. ನನಗೂ ನಗು ಬಂತು.

ಆಫೀಸಿನಲ್ಲಿ ನಾನೇ ಹೋಗಿ ಮೇಲಿನವರಿಗೆ ಹೇಳಿದೆ. ಹೆಡ್‌ಫೋನ್ ಬಿಟ್ಟು ಸಣ್ಣ ಸ್ಪೀಕರ್ ಇಟ್ಟುಕೊಂಡು ಕೇಳಲು ಒಂದು ಮೂಲೆಯ ಕೋಣೆ ಕೊಟ್ಟರು. ಕೆಲಸ ನಿಧಾನವಾಯಿತು, ಕೈ ತಪ್ಪಲಿಲ್ಲ.

ಕಳೆದ ವರ್ಷ ಮೈದುನ ವರ್ತೂರಿನ ಹತ್ತಿರ ಫ್ಲ್ಯಾಟ್ ತೆಗೆದುಕೊಂಡು ಅಲ್ಲಿಗೆ ಹೋದ. ಕೆರೆಯ ಕಡೆಗೆ ಬಾಲ್ಕನಿ, ಗಾಳಿ ಬೀಸಿದರೆ ನಾತ, ಆದರೆ ಹನ್ನೊಂದನೇ ಮಹಡಿಯಾದ್ದರಿಂದ ಗದ್ದಲವಿಲ್ಲ. ಮನೆ ನೋಡಲು ಹೋದ ದಿನ ನೆಗೆಣ್ಣಿ ಪ್ರತಿ ಕೋಣೆಯನ್ನೂ ತೋರಿಸುತ್ತ, "ಎಷ್ಟ್ ಶಾಂತ ಐತಿ ನೋಡ್ರಿ ಅಕ್ಕಾ," ಎಂದಳು. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ನಾನು ನಕ್ಕು, "ಇರಲಿ ಬಿಡು, ನಿನಗರ ಐತಲ್ಲ," ಎಂದೆ. ನಗುತ್ತಲೇ ಹೇಳಿದೆ. ಹೊಟ್ಟೆಯಲ್ಲಿ ಹಳೆಯ ಚುರುಕು ಒಮ್ಮೆ ಆಡಿಹೋದದ್ದೂ ನಿಜ. ಅವಳ ಮೇಲಿನ ಪ್ರೀತಿ ನನ್ನಲ್ಲಿ ಹುಟ್ಟಿದ್ದು ಆ ಚುರುಕಿನ ಪಕ್ಕದಲ್ಲೇ, ಅದನ್ನು ಓಡಿಸಿ ಅಲ್ಲ.

ಊಟವಾದ ಮೇಲೆ ಗಂಡಸರು ಪಾರ್ಕಿಂಗ್ ನೋಡಲು ಕೆಳಗೆ ಹೋದರು. ನಾವಿಬ್ಬರೂ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಅಡ್ಡಾದೆವು. ಅವಳು ಹೊಸ ಪರದೆಯ ಬಣ್ಣದ ಬಗ್ಗೆ ಏನೋ ಹೇಳುತ್ತಿದ್ದಳು. ಮಾತು ಮುಗಿಯುವ ಮೊದಲೇ ನಿದ್ದೆ ಹೋದಳು. ತುಟಿ ತುಸು ತೆರೆದಿತ್ತು, ಉಸಿರು ಸಮವಾಗಿತ್ತು, ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಇಷ್ಟು ಬೇಗ ಹೇಗೆ ನಿದ್ದೆ ಬರುತ್ತದೋ ಇವಳಿಗೆ ಎಂದುಕೊಳ್ಳುತ್ತ ಬಹಳ ಹೊತ್ತು ಅವಳನ್ನೇ ನೋಡಿದೆ. ಆಮೇಲೆ ಅವಳ ಕಡೆಗೆ ಮಗ್ಗುಲಾಗಿ ನಾನೂ ಕಣ್ಣು ಮುಚ್ಚಿದೆ.